ಕಾಲೇಜಿನ ಮಾತು, ಕಚೇರಿಯ ಕಿಟಕಿ: ಹೊಸದಾಗಿ ಡಿಗ್ರಿಗೆ ಸೇರಿದವರಿಗೆ

ಪರೀಕ್ಷೆಗೆ ನಾಲ್ಕು ದಿನ ಇದೆ ಅನ್ನುವಾಗ ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ನಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಆಗಷ್ಟೇ ಪ್ರಿಂಟ್ ತೆಗೆಸಿದ ಹಾಲ್ ಟಿಕೆಟ್.

"ಸರ್, ಇದರಾಗ ನಂದು ಎಕನಾಮಿಕ್ಸ್ ಪೇಪರ್ ಇಲ್ರಿ."

"ಐತಲ್ಲವ್ವಾ, ಮೂರನೇ ಸೆಮ್ಮಿಂದು ಇಲ್ಲೇ ಐತಿ ನೋಡು."

"ಅದಲ್ರಿ ಸರ್, ಫಸ್ಟ್ ಸೆಮ್ಮಿಂದು. ಹೋಗಿತ್ತಲ್ರಿ, ಅದು."

"ಫಾರ್ಮ್ ತುಂಬುವಾಗ ರಿಪೀಟರ್ ಪೇಪರ್ ಹಾಕಿದ್ದೆ?"

"ಅದನ್ನ ಬ್ಯಾರೆ ಹಾಕಬೇಕೇನ್ರಿ? ನಾ ಫೀ ಕಟ್ಟೀನಲ್ರಿ."

ಫೀ ಕಟ್ಟಿದ್ದು ಮೂರನೇ ಸೆಮಿಸ್ಟರಿಗೆ. ಫೇಲಾದ ಪೇಪರನ್ನು ಬೇರೆಯಾಗಿ ಆರಿಸಿ, ಅದಕ್ಕೆ ಬೇರೆ ಶುಲ್ಕ ಕಟ್ಟಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೆವು, ನಿಜ. ಇಂಗ್ಲಿಷಿನಲ್ಲಿ ಹಾಕಿದ್ದೆವು, ಅದೂ ನಿಜ. ಕೊನೆಯ ದಿನ ದಾಟಿ ಎರಡು ವಾರವಾಗಿತ್ತು. ಆ ಪೇಪರನ್ನು ಅವಳು ಬರೆದದ್ದು ಇನ್ನೊಂದು ವರ್ಷ ಕಳೆದು, ಐದನೇ ಸೆಮ್ಮಿನ ಪೇಪರುಗಳ ಜೊತೆ.

ಕೊಪ್ಪಳ ಜಿಲ್ಲೆಯ ಡಿಗ್ರಿ ಕಾಲೇಜುಗಳಲ್ಲಿ ಪಾಠ ಮಾಡುತ್ತ ಬಂದ ನನಗೆ ಕಂಡಿದ್ದು ಇದು: ನಮ್ಮ ಹುಡುಗರು ದಡ್ಡತನದಿಂದ ಸೆಮಿಸ್ಟರ್ ಕಳೆದುಕೊಳ್ಳುವುದು ಕಡಿಮೆ, ಮಾತು ತಿಳಿಯದೆ ಕಳೆದುಕೊಳ್ಳುವುದೇ ಹೆಚ್ಚು. ಕಾಲೇಜಿನ ಪ್ರತಿ ಇಂಗ್ಲಿಷ್ ಪದದ ಹಿಂದೆ ಒಂದು ತಾರೀಖು ಮತ್ತು ಒಂದು ಟೇಬಲ್ ಇರುತ್ತದೆ. ಪದದ ಅರ್ಥ ಗೊತ್ತಾದರೆ ಸಾಲದು, ಆ ತಾರೀಖು ಯಾವುದು, ಯಾವ ಟೇಬಲ್ಲಿಗೆ ಹೋಗಬೇಕು ಎಂಬುದೂ ಗೊತ್ತಿರಬೇಕು. ಮನೆಯಲ್ಲಿ ಡಿಗ್ರಿ ಓದಿದ ಅಣ್ಣನೋ ಅಕ್ಕನೋ ಇದ್ದವರಿಗೆ ಇದು ಊಟಕ್ಕೆ ಕೂತಾಗಲೇ ತಿಳಿದಿರುತ್ತದೆ. ಇಲ್ಲದವರಿಗಾಗಿ ಈ ಬರಹ.

ಮೊದಲ ಹೆಜ್ಜೆ: ನೀವು ಯಾವ ಸ್ಕೀಮಿನವರು?

ಸ್ಕೀಮ್ ಎಂದರೆ ಇಲ್ಲಿ ಸರ್ಕಾರದ ಯೋಜನೆ ಅಲ್ಲ. ನೀವು ಸೇರಿದ ವರ್ಷಕ್ಕೆ ಅನ್ವಯಿಸುವ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಗಳ ಕಟ್ಟು. ನಮ್ಮ ರಾಜ್ಯದಲ್ಲಿ ಇದು ಕೆಲವೇ ವರ್ಷಗಳಲ್ಲಿ ಎರಡು ಸಲ ಬದಲಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಎಲ್ಲರ ಬಾಯಲ್ಲಿ ಎನ್‌ಇಪಿ, ಬಂತು. ಒಂದು ವರ್ಷ ಮುಗಿಸಿ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದು ಹೇಳಿದರು. 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇದನ್ನು ಎಸ್‌ಇಪಿ, ಅಂದರೆ ರಾಜ್ಯ ಶಿಕ್ಷಣ ನೀತಿಯ ಸ್ಕೀಮ್ ಅನ್ನುತ್ತಾರೆ. ಮೊದಲೇ ಸೇರಿದ್ದವರು ಎನ್‌ಇಪಿಯಲ್ಲೇ ಮುಂದುವರಿದರು.

ಹೀಗಾಗಿ ಸೀನಿಯರ್ ಹೇಳಿದ ಮಾತು ನಿಮ್ಮ ಪಾಲಿಗೆ ತಪ್ಪಾಗಬಹುದು. ಅವನೇನೂ ಸುಳ್ಳು ಹೇಳುವುದಿಲ್ಲ, ಅವನ ಸ್ಕೀಮೇ ಬೇರೆ. "ಇಂಟರ್ನಲ್ ನಲವತ್ತಕ್ಕೆ ಐತಿ, ಚಿಂತಿ ಮಾಡಬ್ಯಾಡ" ಎಂದು ಎನ್‌ಇಪಿ ಬ್ಯಾಚಿನವನು ಹೇಳಿದರೆ ಅವನ ಕಾಲಕ್ಕೆ ಅದು ಸರಿ. ಆಗ ಪೇಪರಿಗೆ ಇಂಟರ್ನಲ್, ಅಂದರೆ ಕಾಲೇಜಿನೊಳಗೇ ಬರುವ ಅಂಕ, 40, ಪರೀಕ್ಷೆ 60. ಎಸ್‌ಇಪಿ ಬಂದ ಮೇಲೆ ಇಂಟರ್ನಲ್ 20, ಪರೀಕ್ಷೆ 80 ಆಯಿತು. ಅವನ ಮಾತು ನಂಬಿ ಕೂತವನಿಗೆ 80 ಅಂಕದ ಪ್ರಶ್ನೆಪತ್ರಿಕೆ ಎದುರಾದಾಗಲೇ ಎಚ್ಚರ.

ಮಾಡಬೇಕಾದ ಕೆಲಸ ಒಂದೇ. ಸೇರಿದ ಮೊದಲ ವಾರ ನಿಮ್ಮ ವಿಭಾಗದಲ್ಲಿ "ನಮ್ಮ ಬ್ಯಾಚಿನ ಸಿಲಬಸ್ ಕಾಪಿ ಬೇಕ್ರಿ" ಎಂದು ಕೇಳಿ. ವಿಶ್ವವಿದ್ಯಾಲಯದ ಜಾಲತಾಣದಲ್ಲೂ ಸಿಗುತ್ತದೆ. ಅದರ ಮೊದಲ ಪುಟಗಳಲ್ಲಿ ಒಂದು ಪಟ್ಟಿ ಇರುತ್ತದೆ: ಪೇಪರಿನ ಹೆಸರು, ಕೋಡ್, ವಾರಕ್ಕೆ ಎಷ್ಟು ಗಂಟೆ, ಇಂಟರ್ನಲ್ ಎಷ್ಟು, ಪರೀಕ್ಷೆ ಎಷ್ಟು, ಕ್ರೆಡಿಟ್ ಎಷ್ಟು. ಆ ಒಂದು ಪುಟದ ಝೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿ. ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಆ ಪುಟವನ್ನು ಓದುವಾಗ ಒಂದು ಗೊಂದಲ ಆಗಿಯೇ ಆಗುತ್ತದೆ. ನಮ್ಮ ಮಾತಿನಲ್ಲಿ "ಯಾವ ಕೋರ್ಸ್ ಮಾಡಾಕತ್ತೀರಿ?" ಎಂದರೆ ಬಿ.ಎ.ನೋ ಬಿ.ಕಾಂ.ನೋ ಎಂದು ಹೇಳುತ್ತೇವೆ. ವಿಶ್ವವಿದ್ಯಾಲಯದ ಕಾಗದದಲ್ಲಿ ಬಿ.ಎ. ಎನ್ನುವುದು ಪ್ರೋಗ್ರಾಂ, ಕೋರ್ಸ್ ಎಂದರೆ ಒಂದು ಪೇಪರ್. ಅರ್ಜಿಯಲ್ಲಿ "ಕೋರ್ಸಿನ ಹೆಸರು" ಎಂದು ಕೇಳಿದಲ್ಲಿ ಬಿ.ಎ. ಎಂದು ಬರೆದು ವಾಪಸು ಬಂದ ಅರ್ಜಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಪಕ್ಕದಲ್ಲಿ ಕೋಡ್ ಕೇಳಿದ್ದರೆ ಅದು ಪೇಪರಿನ ಪ್ರಶ್ನೆ ಎಂದು ತಿಳಿಯಿರಿ.

ಎನ್‌ಇಪಿ ಬ್ಯಾಚಿನವರ ಅಂಕಪಟ್ಟಿಯಲ್ಲಿ ಡಿಎಸ್‌ಸಿ, ಡಿಎಸ್‌ಇ, ಓಇ ಎಂಬ ಅಕ್ಷರಗಳಿರುತ್ತವೆ. ಡಿಎಸ್‌ಸಿ ನಿಮ್ಮ ಮುಖ್ಯ ವಿಷಯದ ಕಡ್ಡಾಯ ಪೇಪರ್. ಡಿಎಸ್‌ಇ ಅದೇ ವಿಷಯದೊಳಗೆ ಆರಿಸಿಕೊಳ್ಳುವ ಪೇಪರ್. ಓಇ, ಓಪನ್ ಎಲೆಕ್ಟಿವ್, ಬೇರೆ ವಿಭಾಗದಿಂದ ತೆಗೆದುಕೊಳ್ಳುವಂಥದ್ದು. ಎಲೆಕ್ಟಿವ್ ಎಂದಾಗ ಎಲ್ಲವೂ ಸಿಗುತ್ತದೆ ಎಂದು ತಿಳಿಯಬೇಡಿ. ಪಾಠ ಮಾಡುವವರಿದ್ದರೆ, ಸಾಕಷ್ಟು ಜನ ಹೆಸರು ಕೊಟ್ಟರೆ ಮಾತ್ರ ಅದು ನಡೆಯುತ್ತದೆ. ಮುಂದೆ ಬಿ.ಎಡ್. ಮಾಡುವ ಮನಸ್ಸಿದ್ದರೆ, ಶಾಲೆಯಲ್ಲಿ ಕಲಿಸುವ ವಿಷಯಗಳು ನಿಮ್ಮ ಡಿಗ್ರಿಯಲ್ಲಿ ಇವೆಯೇ ಎಂದು ಈಗಲೇ ನೋಡಿಕೊಳ್ಳಿ. ಮೂರನೇ ವರ್ಷದಲ್ಲಿ ನೋಡಿ ಪ್ರಯೋಜನವಿಲ್ಲ.

ಎರಡನೇ ಹೆಜ್ಜೆ: ಕ್ರೆಡಿಟ್ ಎಂಬ ತೂಕದ ಕಲ್ಲು

ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆಗೆ ಒಂದು. ಪಟ್ಟಿಯಲ್ಲಿ ಎಲ್-ಟಿ-ಪಿ ಎಂಬ ತಲೆಬರಹದ ಕೆಳಗೆ 3-0-2 ಎಂದಿದ್ದರೆ ಮೂರು ಗಂಟೆ ಪಾಠ, ಟ್ಯುಟೋರಿಯಲ್ ಇಲ್ಲ, ಎರಡು ಗಂಟೆ ಪ್ರಾಯೋಗಿಕ. ಒಟ್ಟು 4 ಕ್ರೆಡಿಟ್.

ಕ್ರೆಡಿಟ್ ಅಂಕ ಅಲ್ಲ, ತೂಕ. ಹತ್ತರ ಮಾಪನದಲ್ಲಿ ಪ್ರತಿ ಗ್ರೇಡಿಗೂ ಒಂದು ಪಾಯಿಂಟ್ ಇರುತ್ತದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಹೇಳಿದ ಪದ್ಧತಿಯಲ್ಲಿ ಓ ಎಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಸೊನ್ನೆ. ಪ್ರತಿ ಪೇಪರಿನ ಪಾಯಿಂಟನ್ನು ಅದರ ಕ್ರೆಡಿಟ್ಟಿನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಬರುವುದು ಎಸ್‌ಜಿಪಿಎ, ಆ ಒಂದು ಸೆಮಿಸ್ಟರಿನ ಲೆಕ್ಕ.

ಒಂದು ಲೆಕ್ಕ ಮಾಡಿಯೇ ನೋಡೋಣ. ಒಬ್ಬ ವಿದ್ಯಾರ್ಥಿಗೆ 4 ಕ್ರೆಡಿಟ್ಟಿನ ಎರಡು ಮುಖ್ಯ ಪೇಪರುಗಳಲ್ಲಿ ಎ ಮತ್ತು ಬಿ ಪ್ಲಸ್, 2 ಕ್ರೆಡಿಟ್ಟಿನ ಲ್ಯಾಬಿನಲ್ಲಿ ಓ, 3 ಕ್ರೆಡಿಟ್ಟಿನ ಕನ್ನಡದಲ್ಲಿ ಎ ಪ್ಲಸ್, 3 ಕ್ರೆಡಿಟ್ಟಿನ ಇಂಗ್ಲಿಷಿನಲ್ಲಿ ಬಿ, 2 ಕ್ರೆಡಿಟ್ಟಿನ ಇನ್ನೊಂದು ಪೇಪರಿನಲ್ಲಿ ಎ ಬಂದಿದೆ ಅನ್ನಿ. 32, 28, 20, 27, 18, 16. ಕೂಡಿದರೆ 141. ಒಟ್ಟು ಕ್ರೆಡಿಟ್ 18. ಎಸ್‌ಜಿಪಿಎ 7.83.

ಈಗ ಅವನ ಕೈಯಲ್ಲಿ ಒಂದು ಪೇಪರಿಗೆ ಮಾತ್ರ ಹೆಚ್ಚು ಓದುವಷ್ಟು ಸಮಯವಿದೆ. ಆ 2 ಕ್ರೆಡಿಟ್ಟಿನ ಪೇಪರಿನಲ್ಲಿ ಎ ಇಂದ ಓ ಗೆ, ಅಂದರೆ ಎರಡು ಮೆಟ್ಟಿಲು, ಏರಿದರೆ 8.06. ಅದೇ ಎರಡು ಮೆಟ್ಟಿಲನ್ನು ಬಿ ಪ್ಲಸ್ ಬಂದ 4 ಕ್ರೆಡಿಟ್ಟಿನ ಪೇಪರಿನಲ್ಲಿ ಏರಿದರೆ 8.28. ಸುಲಭ ಎಂದು ಚಿಕ್ಕ ಪೇಪರಿಗೇ ರಾತ್ರಿಯೆಲ್ಲ ಕೂರುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಸಿಜಿಪಿಎ ಎಂದರೆ ಎಲ್ಲ ಸೆಮಿಸ್ಟರುಗಳ ಒಟ್ಟು ಲೆಕ್ಕ. ಇಲ್ಲಿ ಸುಮ್ಮನೆ ಸರಾಸರಿ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಮೇಲಿನ ಹುಡುಗನಿಗೆ ಎರಡನೇ ಸೆಮ್ಮಿನಲ್ಲಿ 22 ಕ್ರೆಡಿಟ್ಟಿಗೆ 6.50 ಬಂತು ಅನ್ನಿ. 7.83ಕ್ಕೆ 6.50 ಕೂಡಿಸಿ ಅರ್ಧ ಮಾಡಿದರೆ 7.17 ಬರುತ್ತದೆ, ತಪ್ಪು. 141ಕ್ಕೆ 143 ಕೂಡಿಸಿ 40ರಿಂದ ಭಾಗಿಸಬೇಕು. ಸರಿಯಾದ ಉತ್ತರ 7.10. ಇದನ್ನು ಶೇಕಡಾಕ್ಕೆ ತಿರುಗಿಸಲು ಪ್ರತಿ ವಿಶ್ವವಿದ್ಯಾಲಯಕ್ಕೂ, ಕೆಲವೊಮ್ಮೆ ಪ್ರತಿ ಸ್ಕೀಮಿಗೂ, ತನ್ನದೇ ಸೂತ್ರವಿದೆ. ಗೂಗಲ್‌ನಲ್ಲಿ ಸಿಕ್ಕ ಯಾವುದೋ ಸೂತ್ರ ಹಾಕಿ ನೌಕರಿ ಅರ್ಜಿ ತುಂಬಬೇಡಿ. ದಾಖಲೆ ಪರಿಶೀಲನೆಯ ದಿನ ಪಾಯಿಂಟ್ ಎರಡರ ವ್ಯತ್ಯಾಸಕ್ಕೂ ತಕರಾರು ಬರುತ್ತದೆ.

ಮೂರನೇ ಹೆಜ್ಜೆ: ಹಾಜರಿಯನ್ನು ಪೇಪರುವಾರು ಎಣಿಸಿ

ಡಿಗ್ರಿ ಕಾಲೇಜಿನಲ್ಲಿ ಸಾಮಾನ್ಯವಾಗಿ ಶೇ. 75 ಹಾಜರಿ ಬೇಕು. ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ಕಾಲೇಜಿನವರಿಗೆ, ಅಂದರೆ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಅಡಿಯಲ್ಲಿರುವವರಿಗೆ, ಶೇ. 85. ಕಾಯಿಲೆ, ಕ್ರೀಡೆಯಂಥ ಕಾರಣಕ್ಕೆ ದಾಖಲೆ ಕೊಟ್ಟರೆ, ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ಮನ್ನಾ ಆಗಬಹುದು. ಈ ಮನ್ನಾಕ್ಕೆ ಕಂಡೋನೇಷನ್ ಅನ್ನುತ್ತಾರೆ. ಅದು ಹಕ್ಕಲ್ಲ, ವಿನಾಯಿತಿ. ಹಾಜರಿ ಸಾಲದೆ ಪರೀಕ್ಷೆ ತಪ್ಪಿದರೆ ವಿಟಿಯು ಭಾಷೆಯಲ್ಲಿ ಎನ್‌ಎಸ್‌ಎಆರ್. ಇಂಟರ್ನಲ್ ಸಾಲದೆ ತಪ್ಪಿದರೆ ಎನ್‌ಎಸ್‌ಎಸ್‌ಆರ್. ಎರಡೂ ಒಂದೇ ಥರ ಕೇಳಿಸುತ್ತವೆ, ಆದರೆ ಒಂದರ ಕಾರಣ ನೀವು ಬರಲಿಲ್ಲ, ಇನ್ನೊಂದರ ಕಾರಣ ಬರೆಯಲಿಲ್ಲ.

ನಮ್ಮ ಭಾಗದಲ್ಲಿ ಹಾಜರಿ ಸೋರುವ ದಾರಿಗಳು ಎಲ್ಲರಿಗೂ ಗೊತ್ತು. ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ನಾಟಿ. ರಾಯಚೂರು ಕಡೆ ಹತ್ತಿ ಬಿಡಿಸುವುದು. ಬನದ ಹುಣ್ಣಿಮೆ ಕಳೆದ ಮೇಲೆ ಗವಿಮಠದ ಜಾತ್ರೆ ಬಂತೆಂದರೆ ಕೊಪ್ಪಳದ ಕ್ಲಾಸುಗಳಲ್ಲಿ ಬೆಂಚುಗಳಷ್ಟೇ ಇರುತ್ತವೆ. ನಾಟಿಗೆ ಹೋಗಬೇಡಿ ಎಂದು ಹೇಳುವ ಬಾಯಿ ನನಗಿಲ್ಲ. ಆ ಕೂಲಿಯಲ್ಲೇ ಪರೀಕ್ಷಾ ಶುಲ್ಕ ಕಟ್ಟುವವರನ್ನು ಬಲ್ಲೆ. ಲೆಕ್ಕ ಹಾಕಿ ಹೋಗಿ ಎಂದಷ್ಟೇ ಹೇಳುತ್ತೇನೆ.

ವಾರಕ್ಕೆ ನಾಲ್ಕು ತಾಸಿನಂತೆ 15 ವಾರಕ್ಕೆ 60 ಕ್ಲಾಸು. ಶೇ. 75 ಎಂದರೆ 45. ತಪ್ಪಿಸಬಹುದಾದದ್ದು 15. ಅರ್ಧ ಸೆಮಿಸ್ಟರ್ ಮುಗಿದಾಗ 30ರಲ್ಲಿ 16 ಮಾತ್ರ ಬಂದಿದ್ದೀರಿ ಎಂದರೆ ಇನ್ನುಳಿದ 30ರಲ್ಲಿ 29ಕ್ಕೆ ಬರಲೇಬೇಕು. ಜ್ವರ ಬಂದರೂ ಒಂದೇ ದಿನ ಬರಬೇಕು, ಅಷ್ಟೇ ಅವಕಾಶ!

ಇನ್ನೊಂದು ಸೂಕ್ಷ್ಮ ಇದೆ, ಇದು ಹಳ್ಳಿಯಿಂದ ಬಸ್ಸಿಗೆ ಬರುವವರಿಗೆ. ಒಟ್ಟು ಹಾಜರಿ 82 ಇದ್ದು ಒಂದೇ ಪೇಪರಿನಲ್ಲಿ 61 ಇರುವುದು ಸಾಧ್ಯ. ಯಾಕೆಂದರೆ ಮೊದಲ ಪೀರಿಯಡ್ ವಾರದಲ್ಲಿ ಮೂರು ದಿನ ಒಂದೇ ವಿಷಯದ್ದು, ನಿಮ್ಮೂರ ಬಸ್ಸು ಬರುವುದು ಹತ್ತು ನಿಮಿಷ ತಡ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಹೋಯಿತು, ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗದ ಚಿಂತೆ ಬಂತು. ಇದನ್ನು ತಿಂಗಳ ಕೊನೆಗೆ ಹೇಳಿದರೆ ನೆಪ. ಮೊದಲ ವಾರ ಎಚ್‌ಒಡಿಗೆ, ಅಂದರೆ ವಿಭಾಗದ ಮುಖ್ಯಸ್ಥರಿಗೆ, ಐದಾರು ಜನ ಸೇರಿ ಬರೆದುಕೊಟ್ಟರೆ ಸಮಸ್ಯೆ. ಸಮಸ್ಯೆಗೆ ಪರಿಹಾರ ಸಿಗಬಹುದು. ಒಮ್ಮೆ ನಾವು ಟೈಮ್ ಟೇಬಲ್ ತಿರುವಿ ಹಾಕಿದ್ದೂ ಉಂಟು.

ನಾಲ್ಕನೇ ಹೆಜ್ಜೆ: ಇಂಟರ್ನಲ್

ಇದಕ್ಕೆ ಐಎ ಅನ್ನುತ್ತಾರೆ, ಎಂಜಿನಿಯರಿಂಗಿನಲ್ಲಿ ಸಿಐಇ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಎಲ್ಲ ಸೇರಿ ಕಾಲೇಜಿನೊಳಗೇ ಬರುವ ಅಂಕ. ವಿಟಿಯು 2022ರ ಸ್ಕೀಮಿನಲ್ಲಿ ಸಿಐಇ 50, ಅದರಲ್ಲಿ ಕನಿಷ್ಠ 20 ಬೇಕು. ಅಂತಿಮ ಪರೀಕ್ಷೆಯನ್ನು 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ, 100ರಲ್ಲಿ 35 ಬಂದಿರಬೇಕು, ಎರಡೂ ಸೇರಿ 40 ದಾಟಬೇಕು. ಅಂದರೆ ಎರಡರಲ್ಲೂ ಗಡಿಯಲ್ಲೇ ಪಾಸಾದವನು ಒಟ್ಟಿನಲ್ಲಿ ಫೇಲ್ ಆಗಬಹುದು. 20ಕ್ಕೆ 18 ಕೂಡಿಸಿದರೆ 38.

ಸೆಮಿಸ್ಟರ್ ಮುಗಿಯುವ ಮುನ್ನ ಇಂಟರ್ನಲ್ ಅಂಕಗಳನ್ನು ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಹಾಳೆಯನ್ನು ಓದದೆ ಸಹಿ ಮಾಡಬೇಡಿ. ಅಂಕ ಒಮ್ಮೆ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ತಿದ್ದಿಸುವುದು ಬಲು ಕಷ್ಟ. ಬರೆದ ಅಸೈನ್‌ಮೆಂಟುಗಳನ್ನು ಫಲಿತಾಂಶ ಬರುವವರೆಗೆ ರದ್ದಿಗೆ ಹಾಕಬೇಡಿ.

ಐದನೇ ಹೆಜ್ಜೆ: ಪರೀಕ್ಷಾ ಅರ್ಜಿ

ಆ ಕುಷ್ಟಗಿ ಕಡೆಯ ಹುಡುಗಿ ಎಡವಿದ್ದು ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ರಾಜ್ಯದ ವಿಶ್ವವಿದ್ಯಾಲಯಗಳ ಡಿಗ್ರಿ ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷೆ, ಫಲಿತಾಂಶ ಈಗ ನಡೆಯುವುದು ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲ್ಲಿನಲ್ಲಿ. ಲಾಗಿನ್ ಮತ್ತು ಪಾಸ್‌ವರ್ಡನ್ನು ಸೈಬರ್ ಸೆಂಟರಿನವನ ಡೈರಿಯಲ್ಲಿ ಬಿಟ್ಟು ಬರಬೇಡಿ. ಅವನ ಮೊಬೈಲ್ ನಂಬರನ್ನೇ ನೋಂದಾಯಿಸಿ, ಆಮೇಲೆ ಓಟಿಪಿಗಾಗಿ ಅವನ ಅಂಗಡಿ ಬಾಗಿಲು ಕಾದವರು ಬಹಳ.

ಅರ್ಜಿ ತೆರೆದಾಗ ನಿಮ್ಮ ಈಗಿನ ಸೆಮ್ಮಿನ ಪೇಪರುಗಳು ಕಾಣುತ್ತವೆ. ಹಿಂದಿನ ಸೆಮ್ಮಿನಲ್ಲಿ ಉಳಿದದ್ದಕ್ಕೆ ಬ್ಯಾಕ್‌ಲಾಗ್, ಬ್ಯಾಕ್, ಅರಿಯರ್ ಎಂದು ನಾನಾ ಹೆಸರು. ಅದನ್ನು ಮತ್ತೆ ಬರೆಯುವವರು ರಿಪೀಟರ್. ಬ್ಯಾಕ್ ಇದ್ದೂ ಮುಂದಿನ ಸೆಮ್ಮಿಗೆ ಹೋಗಲು ಬಿಡುವುದಕ್ಕೆ ಕ್ಯಾರಿ ಓವರ್. ಕ್ಯಾರಿ ಓವರ್ ಸಿಕ್ಕಿತೆಂದರೆ ಹಳೆಯ ಪೇಪರ್ ತಾನಾಗಿ ಹೊಸ ಅರ್ಜಿಯೊಳಗೆ ಬಂದು ಕೂರುವುದಿಲ್ಲ. ರಿಪೀಟರ್ ಪೇಪರನ್ನು ನೀವೇ ಸೇರಿಸಬೇಕು, ಶುಲ್ಕ ಕಟ್ಟಬೇಕು, ಕಟ್ಟಿದ ಮೇಲೆ ಅರ್ಜಿಯ ಪ್ರಿಂಟ್ ತೆಗೆದು ಒಂದೊಂದೇ ಕೋಡನ್ನು ಸಿಲಬಸ್ ಪುಟದ ಜೊತೆ ತಾಳೆ ನೋಡಬೇಕು. ಹೆಸರು ಹೊಂದಿದರೆ ಸಾಲದು. ಒಂದೇ ಹೆಸರಿನ ಪೇಪರಿಗೆ ಹಳೆ ಸ್ಕೀಮಿನಲ್ಲಿ ಒಂದು ಕೋಡ್, ಹೊಸ ಸ್ಕೀಮಿನಲ್ಲಿ ಇನ್ನೊಂದು ಇರುತ್ತದೆ.

ಸುತ್ತೋಲೆಯಲ್ಲಿ ಎರಡು ತಾರೀಖು ಇರುತ್ತವೆ: ದಂಡವಿಲ್ಲದೆ ಕೊನೆಯ ದಿನ, ದಂಡದೊಂದಿಗೆ ಕೊನೆಯ ದಿನ. ಎರಡನೆಯದನ್ನೇ ಕೊನೆಯ ದಿನ ಎಂದು ಮನಸ್ಸಿನಲ್ಲಿಟ್ಟುಕೊಳ್ಳುವವರೇ ಜಾಸ್ತಿ. ಆ ದಿನ ಸರ್ವರ್ ಏಳುವುದಿಲ್ಲ, ಇದು ಅನುಭವದ ಮಾತು. ಹಾಲ್ ಟಿಕೆಟ್ ಬಂದ ದಿನವೇ ತೆಗೆದು ಹೆಸರು, ಫೋಟೋ, ಪೇಪರ್ ನೋಡಿ. ತಪ್ಪಿದ್ದರೆ ನಾಲ್ಕು ದಿನ ಮುಂಚೆಯಲ್ಲ, ಅದೇ ದಿನ ಪರೀಕ್ಷಾ ವಿಭಾಗದ ಕಿಟಕಿಗೆ ಹೋಗಿ.

ಫಲಿತಾಂಶ ಬಂದ ಮೇಲಿನ ಮೂರು ಪದಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ರಿಟೋಟಲಿಂಗ್ ಎಂದರೆ ಕೊಟ್ಟ ಅಂಕಗಳನ್ನು ಮತ್ತೆ ಕೂಡಿಸುವುದು, ಉತ್ತರವನ್ನು ಯಾರೂ ಓದುವುದಿಲ್ಲ. ಫೋಟೋಕಾಪಿ ಎಂದರೆ ನಿಮ್ಮ ಉತ್ತರಪತ್ರಿಕೆಯ ನಕಲು ನಿಮ್ಮ ಕೈಗೆ. ರಿವ್ಯಾಲ್ಯುಯೇಷನ್ ಎಂದರೆ ಇನ್ನೊಬ್ಬರು ಮೊದಲಿಂದ ತಿದ್ದುವುದು. ಫೋಟೋಕಾಪಿ ಕೊಡುವ ಕಡೆ ಮೊದಲು ಅದನ್ನು ತರಿಸಿ, ಆ ವಿಷಯದ ಮೇಷ್ಟ್ರಿಗೆ ತೋರಿಸಿ, ಆಮೇಲೆ ರಿವ್ಯಾಲ್ಯುಯೇಷನ್ನಿಗೆ ದುಡ್ಡು ಕಟ್ಟುವುದು ಜಾಣತನ. ವಿತ್‌ಹೆಲ್ಡ್ ಎಂದು ಬಂದರೆ ಫೇಲ್ ಎಂದಲ್ಲ, ಫಲಿತಾಂಶ ತಡೆಹಿಡಿದಿದ್ದಾರೆ ಎಂದರ್ಥ. ಬಹಳ ಸಲ ಕಾರಣ ಶುಲ್ಕ ಬಾಕಿಯೋ ಇಂಟರ್ನಲ್ ಅಪ್‌ಲೋಡ್ ಆಗದ್ದೋ ಇರುತ್ತದೆ. ಅಳುತ್ತ ಮನೆಗೆ ಹೋಗುವ ಮುಂಚೆ ಕಾಲೇಜಿನಲ್ಲಿ ಕೇಳಿ.

ಆರನೇ ಹೆಜ್ಜೆ: ಯಾರನ್ನು ಕೇಳುವುದು, ಹೇಗೆ ಕೇಳುವುದು

ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಇರಬೇಕು. ಎಂಜಿನಿಯರಿಂಗಿನಲ್ಲಿ ಪ್ರಾಕ್ಟರ್ ಅನ್ನುವುದೂ ಉಂಟು. ನಿಮ್ಮ ಹಾಜರಿ, ಅಂಕ, ತೊಂದರೆಗಳನ್ನು ನೋಡಿಕೊಂಡು ಸಲಹೆ ಕೊಡುವ ಅಧ್ಯಾಪಕರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಮೆಂಟರ್ ಫೈಲ್ ತೋರಿಸಬೇಕಾಗುತ್ತದೆ. ಹಾಗಾಗಿ ಫೈಲಂತೂ ಎಲ್ಲ ಕಡೆ ಇರುತ್ತದೆ. ಒಳಗೆ ಮಾತುಕತೆ ನಡೆದಿದೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮಲ್ಲಿ ಬಹಳಷ್ಟು ಪಾಠ ನಡೆಯುವುದೇ ಅತಿಥಿ ಉಪನ್ಯಾಸಕರಿಂದ. ಈ ವರ್ಷ ನಿಮ್ಮ ಮನೆಯ ಕಷ್ಟ ಬಲ್ಲವರು ಬರುವ ವರ್ಷ ಬೇರೆ ಕಾಲೇಜಿನಲ್ಲಿರಬಹುದು. ಅದಕ್ಕೇ ನಿಮ್ಮ ಕಥೆ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ: ಯಾವ ದಿನ ಯಾರನ್ನು ಕೇಳಿದೆ, ಏನು ಹೇಳಿದರು. ಎರಡು ಸಾಲು ಸಾಕು.

"ಸರ್, ಏನ್ ಮಾಡ್ಲಿರಿ?" ಎಂದು ಕೇಳಿದರೆ ಎಂಥ ಒಳ್ಳೆಯ ಮೆಂಟರಿಗೂ ಉತ್ತರ ಕೊಡಲಾಗುವುದಿಲ್ಲ. "ಸರ್, ನಂದು ಎರಡನೇ ಸೆಮ್ಮಿಂದು ಒಂದು ಪೇಪರ್ ಉಳದೈತ್ರಿ, ನಾಲ್ಕನೇ ಸೆಮ್ಮಿನ ಜೋಡಿ ಬರೀಬೇಕ್ರಿ. ಎರಡೂ ಒಂದೇ ದಿನ ಬಂದಾವ್ರಿ, ಒಂದು ಮುಂಜಾನಿ, ಒಂದು ಮಧ್ಯಾಹ್ನ. ಎರಡೂ ಬರೀಲೋ, ಒಂದು ಬಿಡಲೋ?" ಎಂದು ಕೇಳಿದ ಹುಡುಗನಿಗೆ ಐದು ನಿಮಿಷದಲ್ಲಿ ದಾರಿ ಸಿಕ್ಕಿತು. ಅಂಕಪಟ್ಟಿ, ವೇಳಾಪಟ್ಟಿ ಎರಡೂ ಅವನ ಕೈಯಲ್ಲಿದ್ದವು. ಅಂದಹಾಗೆ, ಎರಡೂ ಬರೆದ, ಎರಡರಲ್ಲೂ ಪಾಸಾದ.

ಮೆಂಟರ್ ಎಲ್ಲಕ್ಕೂ ಮದ್ದಲ್ಲ. ಸ್ಕಾಲರ್‌ಶಿಪ್ಪಿಗೆ ಕಚೇರಿಯ ಕೇಸ್ ವರ್ಕರ್, ಪರೀಕ್ಷೆಗೆ ಪರೀಕ್ಷಾ ವಿಭಾಗ, ವಿಷಯ ಬದಲಾವಣೆಗೆ ಎಚ್‌ಒಡಿ ಮತ್ತು ಪ್ರಾಂಶುಪಾಲರು. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ದೂರು ಸಮಿತಿ ಇದೆ, ರ‍್ಯಾಗಿಂಗಿಗೆ ಯುಜಿಸಿಯ ಸಹಾಯವಾಣಿ 1800-180-5522. ಮನಸ್ಸು ತೀರ ಕುಗ್ಗಿದಾಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಬಾಯಿಮಾತಿನಲ್ಲಿ ಆಗದ ಕೆಲಸಕ್ಕೆ ಅರ್ಜಿ ಕೊಡಿ. ಇಂಗ್ಲಿಷ್ ಬೇಕಿಲ್ಲ. ಇಷ್ಟು ಸಾಕು:

"ಗೆ, ಪ್ರಾಂಶುಪಾಲರು. ವಿಷಯ: ಹಾಲ್ ಟಿಕೆಟ್‌ನಲ್ಲಿ ಒಂದು ಪೇಪರ್ ಬಿಟ್ಟುಹೋಗಿರುವ ಕುರಿತು. ಮಾನ್ಯರೇ, ನಾನು ಬಿ.ಎ. ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ನನ್ನ ನೋಂದಣಿ ಸಂಖ್ಯೆ ಇಂಥದ್ದು. ಇಂಥ ಕೋಡಿನ ಪೇಪರಿಗೆ ಇಂಥ ದಿನ ಶುಲ್ಕ ಕಟ್ಟಿದ್ದು, ರಶೀದಿ ಲಗತ್ತಿಸಿದ್ದೇನೆ. ಸದರಿ ಪೇಪರನ್ನು ಸೇರಿಸಿಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್, ಅಂದರೆ ಕಚೇರಿಯ ಆವಕ ಸಂಖ್ಯೆ, ಹಾಕಿಸಿಕೊಳ್ಳಿ. ಕೆಲವರು "ಯಾಕಪ್ಪ, ನಂಬಿಕಿ ಇಲ್ಲೇನು?" ಎಂದು ಗದರುತ್ತಾರೆ. "ನನ್ನ ಫೈಲಿಗೆ ಬೇಕ್ರಿ ಸರ್" ಎಂದು ಮೆತ್ತಗೆ ಹೇಳಿ ನಿಂತೇ ಇರಿ.

ಏಳನೇ ಹೆಜ್ಜೆ: ಕಾಗದಗಳು

ಎಲ್ಲಕ್ಕೂ ಬುನಾದಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು. ಆಧಾರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣ ಪತ್ರ ಎಲ್ಲದರಲ್ಲೂ ಅದೇ ಅಕ್ಷರ ಇರಲಿ. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಅರ್ಜಿ. ಅಲ್ಲಿ ಆರ್‌ಡಿ ನಂಬರ್ ಎಂದು ಕೇಳುವುದು ನಾಡಕಚೇರಿ ಕೊಟ್ಟ ಜಾತಿ, ಆದಾಯ ಪ್ರಮಾಣ ಪತ್ರದ ಮೇಲಿನ ಸಂಖ್ಯೆ. ಮಂಜೂರಾಗಿಯೂ ಹಣ ಬರದಿದ್ದರೆ ಮೊದಲು ಬ್ಯಾಂಕಿಗೆ ಹೋಗಿ, ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಬೇಕಾದ ಖಾತೆ ಇದೇ ಎಂದು ಆಧಾರಿಗೆ ಗುರುತು ಹಾಕುವುದು, ಆಗಿದೆಯೇ ಎಂದು ಕೇಳಿ. ಲಿಂಕ್ ಆಗಿದೆ ಎಂದು ಅವರು ಹೇಳಿದರೂ ಸೀಡಿಂಗ್ ಎಂಬ ಪದವನ್ನೇ ಬಳಸಿ ಮತ್ತೊಮ್ಮೆ ಕೇಳಿ, ಎರಡೂ ಬೇರೆ ಬೇರೆ.

ಬಳ್ಳಾರಿ, ರಾಯಚೂರು, ಕೊಪ್ಪಳದವರು ಮರೆಯಬಾರದ ಕಾಗದ 371ಜೆ ಅರ್ಹತಾ ಪ್ರಮಾಣ ಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಸೌಲಭ್ಯದಲ್ಲಿ ಕಲ್ಯಾಣ ಕರ್ನಾಟಕದ ಕಾಲೇಜುಗಳ ಶೇ. 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ನಮ್ಮವರಿಗೆ ಮೀಸಲು. ಕೊಡುವವರು ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎಸಿ ಸಾಹೇಬರು. ಡಿಗ್ರಿ ಮುಗಿದು ಎಂ.ಎ.ಗೋ ನೌಕರಿಗೋ ಅರ್ಜಿ ಹಾಕುವ ವಾರ ಓಡಾಡುವುದಕ್ಕಿಂತ ಮೊದಲ ವರ್ಷದ ರಜೆಯಲ್ಲೇ ಮಾಡಿಸಿಡಿ.

ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ಯುಜಿಸಿ 2018ರಲ್ಲೇ ಹೀಗೆಂದು ಅಧಿಸೂಚನೆ ಹೊರಡಿಸಿದೆ. ನೋಡಿ ವಾಪಸು ಕೊಡಬೇಕು. ಟಿಸಿ ಹಾಗಲ್ಲ, ಅದನ್ನು ಕೊಟ್ಟೇ ಸೇರಬೇಕು, ತೆಗೆದುಕೊಂಡರೆ ಆ ಕಾಲೇಜಿನ ಋಣ ಹರಿಯಿತು ಎಂದೇ ಅರ್ಥ. ಹಾಗಾಗಿ ಇನ್ನೊಂದು ಕಡೆ ಸೀಟು ಗಟ್ಟಿಯಾಗದೆ ಟಿಸಿ ಕೇಳಬೇಡಿ. ಬಸ್ ಪಾಸಿಗೆ, ಹಾಸ್ಟೆಲ್ಲಿಗೆ ಬೇಕಾಗುವುದು ವ್ಯಾಸಂಗ ಪ್ರಮಾಣ ಪತ್ರ, ಅದನ್ನು ಎಷ್ಟು ಸಲವಾದರೂ ಕೇಳಬಹುದು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಮೈಗ್ರೇಷನ್ ಪ್ರಮಾಣ ಪತ್ರ ಬೇಕು. ಡಿಗ್ರಿ ಮುಗಿದು ಘಟಿಕೋತ್ಸವ ಆಗುವವರೆಗೆ ಕೆಲಸಕ್ಕೆ ಬರುವುದು ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣ ಪತ್ರ.

ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಕಾಲೇಜುಗಳು ವಿಶ್ವವಿದ್ಯಾಲಯ ಬದಲಿಸುತ್ತ ಬಂದಿವೆ. ಒಂದು ಕಾಲಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು, ಬಳ್ಳಾರಿ-ಕೊಪ್ಪಳದ ಕಾಲೇಜುಗಳು ಅಲ್ಲಿಗೆ ಸೇರಿದವು. ಆಮೇಲೆ ರಾಯಚೂರಿಗೆ ಬೇರೆ ವಿಶ್ವವಿದ್ಯಾಲಯವಾಯಿತು, 2023ರಲ್ಲಿ ಕೊಪ್ಪಳಕ್ಕೂ ಒಂದು ಆಯಿತು. ಅಂಕಪಟ್ಟಿಯ ನಕಲು, ಟ್ರಾನ್ಸ್‌ಕ್ರಿಪ್ಟ್ ಬೇಕಾದಾಗ ಕಾಲೇಜು ಇವತ್ತು ಯಾರ ಕೆಳಗಿದೆ ಎಂದು ನೋಡಿ ಹೊರಡಬೇಡಿ. 2009ರಲ್ಲಿ ಡಿಗ್ರಿ ಮುಗಿಸಿ ಬೆಂಗಳೂರು ಸೇರಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನದ ರಜೆ ಹಾಕಿ ರಾತ್ರಿ ಬಸ್ಸಿಗೆ ಬಳ್ಳಾರಿಗೆ ಬಂದಿಳಿದ. ಕೌಂಟರಿನಲ್ಲಿದ್ದವರು ಅವನ ಅಂಕಪಟ್ಟಿಯ ನೆತ್ತಿಯ ಮೇಲೆ ಬೆರಳಿಟ್ಟು ತೋರಿಸಿ, "ಇದು ಕಲಬುರ್ಗಿದ್ದು ಐತ್ರಿ" ಎಂದರು. ಅಲ್ಲಿಂದಲೇ ನನಗೆ ಫೋನ್ ಮಾಡಿ ಕಲಬುರಗಿಗೆ ಬಸ್ಸು ಎಷ್ಟೊತ್ತಿಗಿದೆ ಎಂದು ಕೇಳಿದ.